ತುಟಿ ಓದುವವರ ಊರಿನಿಂದ

ನಾನು ಇಂಗ್ಲೆಂಡಿಗೆ ಹೋದದ್ದು, ಮನುಷ್ಯರು ದೂರದಿಂದ, ಗದ್ದಲದ ನಡುವಿನಿಂದ ಒಬ್ಬರಿಗೊಬ್ಬರು ಹೇಗೆ ಮಾತು ಮುಟ್ಟಿಸುತ್ತ ಬಂದಿದ್ದಾರೆ ಎಂಬುದನ್ನು ಅಭ್ಯಾಸ ಮಾಡಲು. ನಾನು ಅಲ್ಲಿದ್ದಾಗಲೇ ನನ್ನ ಅಕ್ಕನ ಮಾತು ಹೋಯಿತು. ಇವೆರಡನ್ನೂ ಬೇರೆ ಬೇರೆಯಾಗಿ ಬರೆಯಲು ನೋಡಿದೆ. ಆಗಲಿಲ್ಲ. ಪ್ರವಾಸದ ಬಗ್ಗೆ ಏನಾದರೂ ಬರೆದುಕೊಡು ಎಂದು ಕೇಳಿದ ಗೆಳೆಯರಿಗೆ ಇದನ್ನೇ ಕೊಡುತ್ತಿದ್ದೇನೆ.

ಬನಹಟ್ಟಿ

ಅವ್ವ ತೀರಿಕೊಂಡಾಗ ನಾನು ಸಣ್ಣವಳು. ಅಕ್ಕ ಕಸ್ತೂರಿ ಆಗಷ್ಟೇ ಮದುವೆಯಾಗಿ ಬನಹಟ್ಟಿಗೆ ಬಂದಿದ್ದಳು. ತನ್ನ ಜೊತೆಗೆ ನನ್ನನ್ನೂ ಕರೆತಂದಳು. ಅವಳ ಗಂಡ ಶಂಕರ ಮಾಮಾ ಒಂದು ಮಾತೂ ಆಡದೆ ನನ್ನ ಚೀಲವನ್ನು ಒಳಗಿಟ್ಟರು. ಆ ಮನೆಯಲ್ಲಿ ಮಾತಾಡದಿರುವುದು ಸಿಟ್ಟಿನ ಗುರುತಲ್ಲ ಎಂದು ತಿಳಿಯಲು ನನಗೆ ಕೆಲವು ದಿನ ಬೇಕಾಯಿತು.

ಮುಂದೆ ಮನೆ, ಹಿಂದೆ ಪಾವರ್‌ಲೂಮ್. ಕರೆಂಟು ಇರುವಷ್ಟು ಹೊತ್ತೂ ಮಗ್ಗಗಳು ಓಡುತ್ತವೆ. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸದ್ದಿನಲ್ಲಿ, ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೂ ಮಾತು ಅರ್ಧ ಮಾತ್ರ ಸೇರುತ್ತದೆ. ಆದ್ದರಿಂದ ಮಗ್ಗದ ಮನೆಗಳಲ್ಲಿ ಯಾರೂ ಕೂಗುವುದಿಲ್ಲ. ಧ್ವನಿಯ ಗೊಡವೆ ಬಿಟ್ಟು ತುಟಿಯನ್ನು ದೊಡ್ಡದಾಗಿ ಆಡಿಸುತ್ತಾರೆ. ಎದುರಿನವರು ಅದನ್ನು ಓದುತ್ತಾರೆ. ತುಟಿಯಲ್ಲಿ ಕಾಣದ ಮಾತುಗಳಿಗೆ ಕೈ ಇದೆ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಹರಿಯಿತೆಂದು ಅರ್ಥ. ಹೆಬ್ಬೆರಳು ತುಟಿಗೆ ಮುಟ್ಟಿಸಿದರೆ ಚಹಾ. ಅಂಗೈಯಿಂದ ತಲೆ ಸವರಿಕೊಂಡರೆ ನೂಲು ಕೊಡುವ ಸಾಹುಕಾರ ಬಂದಿದ್ದಾನೆ.

ಹಾಗೆ ದುಡಿದು ದುಡಿದು ಕಿವಿ ಹೋಗುತ್ತದೆ. ಮಾಮಾ ಅವರ ಎರಡೂ ಕಿವಿ ಪೂರ್ತಿ ಹೋಗಿವೆ. ಅಕ್ಕನಿಗೆ ಎಡಗಿವಿಯಲ್ಲಿ ಸ್ವಲ್ಪ ಉಳಿದಿತ್ತು. ನಮ್ಮಲ್ಲಿ ಇದಕ್ಕೆ ಯಾರೂ ಅಳುವುದಿಲ್ಲ. ಕಿವಿ ಹೋಗುವಷ್ಟರಲ್ಲಿ ಕಣ್ಣು ಕಲಿತಿರುತ್ತದೆ. ಮಗ್ಗ ನಿಂತ ಹೊತ್ತಿನಲ್ಲೂ, ಊಟಕ್ಕೆ ಕೂತಾಗಲೂ, ಅಕ್ಕ ಮತ್ತು ಮಾಮಾ ತುಟಿಯಲ್ಲೇ ಮಾತಾಡುತ್ತಿದ್ದರು. ಅವಳ ಬಾಯಿಂದ ದನಿ ಬರುತ್ತಿತ್ತೋ ಇಲ್ಲವೋ ನಾವು ಯಾರೂ ಲಕ್ಷ್ಯ ಕೊಡುತ್ತಿರಲಿಲ್ಲ.

ನನಗೆ ಇಂಗ್ಲೆಂಡಿನ ಕೆಲಸ ಸಿಕ್ಕಿದ್ದೂ ಇದರಿಂದಲೇ. ಅಲ್ಲಿಯ ಒಂದು ಮ್ಯೂಸಿಯಮ್ಮಿನವರು ಸಂಪರ್ಕದ ಇತಿಹಾಸದ ಮೇಲೆ ಸಂಶೋಧನೆಗೆ ಜನ ಬೇಕೆಂದು ಕರೆದಿದ್ದರು. ಗದ್ದಲದ ಕಾರ್ಖಾನೆಗಳಲ್ಲಿ ಕೆಲಸಗಾರರು ಮಾತಾಡಿಕೊಂಡ ರೀತಿ ಎಂದು ನಾನು ವಿಷಯ ಬರೆದು ಕಳಿಸಿದ್ದೆ.

ಹೊರಡುವ ದಿನ ಅಕ್ಕ ಮಗ್ಗ ನಿಲ್ಲಿಸಲಿಲ್ಲ. ಮಗ್ಗದ ಆ ಬದಿಗೆ ಅವಳು, ಈ ಬದಿಗೆ ನಾನು.

"ಅಲ್ಲಿ ಏನ್ ನೋಡಾಕ ಹೊಂಟೀಲೇ?" ಅವಳ ತುಟಿ ಕೇಳಿತು.

"ಮಂದಿ ಮಾತಾಡೂದು."

"ಅದನ್ನ ನೋಡಾಕ ಇಮಾನ ಹತ್ತಬೇಕೇನ? ಇಲ್ಲೇ ಕುಂದ್ರ, ನಿಮ್ಮ ಮಾಮಾನ ಜೋಡಿ ನಾ ಜಗಳಾ ಮಾಡ್ತೇನಿ, ನೋಡ."

ನಾನು ನಕ್ಕೆ. ಅವಳು ಈ ಸಲ ತುಟಿ ಸಣ್ಣದಾಗಿ ಆಡಿಸಿ ಹೇಳಿದಳು: "ಫೋನ್ನ್ಯಾಗ ನಿನ್ನ ದನಿ ನನಗ ಕೇಳಸೂದಿಲ್ಲ. ಮಾರಿ ತೋರಸ್ಕೋತ ಇರ. ನಿನ್ನ ಬಾಯಿ ಕಂಡ್ರ ಸಾಕ ನನಗ."

ಸದ್ದಿಲ್ಲದ ಊರು

ಮ್ಯೂಸಿಯಂ ಇದ್ದದ್ದು ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರಿನಲ್ಲಿ. ಒಂದು ಕಾಲಕ್ಕೆ ಅದೂ ಬಟ್ಟೆ ನೇಯುವ ಊರೇ. ಕೆಂಪು ಇಟ್ಟಿಗೆಯ ಎತ್ತರದ ಚಿಮಣಿಗಳು ಇನ್ನೂ ಇವೆ, ಹೊಗೆ ಇಲ್ಲ. ಗಿರಣಿಗಳು ಈಗ ವಾಸದ ಮನೆಗಳಾಗಿವೆ. ನೂಲಿನ ಮೂಟೆ ಎಳೆಯುತ್ತಿದ್ದ ಕಬ್ಬಿಣದ ಕೊಕ್ಕೆಗೆ ಯಾರೋ ಹೂವಿನ ಕುಂಡ ನೇತುಹಾಕಿದ್ದರು. ಮೊದಲ ಸಂಜೆ ಆ ಬೀದಿಯಲ್ಲಿ ನಡೆಯುವಾಗ ಬನಹಟ್ಟಿಯನ್ನು ಯಾರೋ ತೊಳೆದು, ಒರೆಸಿ, ಒಳಗಿನ ಜನರನ್ನು ತೆಗೆದಿಟ್ಟಂತೆ ಅನಿಸಿತು.

ನಮ್ಮಲ್ಲಿ ಹಸುಗೂಸು ಮಗ್ಗ ಓಡುವಾಗ ಮಲಗುತ್ತದೆ, ಕರೆಂಟು ಹೋದ ಕೂಡಲೇ ಎದ್ದು ಅಳುತ್ತದೆ. ನಾನೂ ಹಾಗೇ ಬೆಳೆದವಳು. ಆ ಊರಿನ ನಿಶ್ಶಬ್ದದಲ್ಲಿ ನನಗೆ ನಿದ್ದೆ ಬರಲಿಲ್ಲ. ಮನೆಯೊಡತಿಗೆ ಹೇಳಿದೆ. ಆಕೆ ಕಿವಿಗೆ ಇಟ್ಟುಕೊಳ್ಳಲು ಹತ್ತಿಯ ಬಿರಡೆ ತಂದುಕೊಟ್ಟಳು. ಸದ್ದು ಕಡಿಮೆಯಾಗಿ ನಿದ್ದೆ ಬರುತ್ತಿಲ್ಲ ಎಂಬುದನ್ನು ಆಕೆಗೆ ತಿಳಿಸಿ ಹೇಳಲು ನನ್ನ ಇಂಗ್ಲಿಷ್ ಸಾಲಲಿಲ್ಲ. ಧನ್ಯವಾದ ಹೇಳಿ ಇಟ್ಟುಕೊಂಡೆ.

ಧನ್ಯವಾದವನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರನಿಗೆ ಹೇಳಿ ಇಳಿಯುತ್ತಾರೆ. ಬನಹಟ್ಟಿಯ ಆಟೋದವನಿಗೆ ಹಾಗೆ ಅಂದರೆ, ಬಾಡಿಗೆ ಕೊಡದೆ ಜಾರಿಕೊಳ್ಳುತ್ತಿದ್ದಾಳೆ ಎಂದೇ ತಿಳಿದಾನು. ನಾವು ಡಿಕ್ಕಿ ಹೊಡೆದರೂ ಕ್ಷಮೆ ಕೇಳುವವರು ಅವರೇ. ಆದರೆ ಅವರ ತುಟಿ ಅಲ್ಲಾಡುವುದಿಲ್ಲ. ಹಲ್ಲಿನ ಹಿಂದೆಯೇ ಮಾತು ಮುಗಿದುಹೋಗುತ್ತದೆ. ಊರಲ್ಲಿ ಬೀದಿಯ ಆಚೆ ನಿಂತವರ ಮಾತು ಓದುತ್ತಿದ್ದ ನಾನು, ಎದುರಿಗೆ ಕೂತವರ ಮುಖ ನೋಡುತ್ತ ಕುರುಡಿಯಾದೆ.

ನನ್ನ ಮೇಲಧಿಕಾರಿ ಹೆಲೆನ್ ಎಂಬಾಕೆ. ನನ್ನ ವಯಸ್ಸಿನವಳೇ, ಉದ್ದನೆಯ ಕೈಗಳ, ನಿಧಾನ ನಡಿಗೆಯ ಹೆಂಗಸು. ಮೊದಲ ವಾರ ಅವಳು ನನಗೆ ನೆಲಮಾಳಿಗೆ ತೋರಿಸಿದಳು. ಕಪಾಟಿನ ಮೇಲೆ ಕಪಾಟು. ತಂತಿ ಕಳಿಸುತ್ತಿದ್ದ ಹಿತ್ತಾಳೆಯ ಕೀಲಿಗಳು, ಹಡಗುಗಳ ಬಾವುಟಗಳು, ಕಿವುಡರು ಕಿವಿಗೆ ಹಿಡಿಯುತ್ತಿದ್ದ ಕಹಳೆಯಂಥ ಕೊಳವೆಗಳು, ಮರದ ಪೆಟ್ಟಿಗೆಯ ಟೆಲಿಫೋನುಗಳು. ಪ್ರತಿಯೊಂದಕ್ಕೂ ಒಂದು ನಂಬರು, ಒಂದು ಚೀಟಿ. ಎಲ್ಲವೂ ಮಾತಿಗಾಗಿಯೇ ಹುಟ್ಟಿದ ಸಾಮಾನು. ಇಡೀ ನೆಲಮಾಳಿಗೆಯಲ್ಲಿ ಪಿಸುಮಾತಿಲ್ಲ.

ಓದುವ ಕೋಣೆಯಲ್ಲೂ ಮಾತಾಡುವಂತಿಲ್ಲ. ನನಗೆ ಇದು ಸುಲಭವೆನಿಸಿತು. ಒಂದು ಮಧ್ಯಾಹ್ನ, ಕೋಣೆಯ ಆ ತುದಿಯಲ್ಲಿದ್ದ ಹೆಲೆನ್‌ಗೆ ಚಹಾಕ್ಕೆ ಹೋಗೋಣವೇ ಎಂದು ಕೇಳಬೇಕಿತ್ತು. ಊರಿನ ರೂಢಿಯಂತೆ ಬಾಯಿ ಅಗಲಿಸಿ, ಹುಬ್ಬೇರಿಸಿ, ಹೆಬ್ಬೆರಳು ತುಟಿಗೆ ಮುಟ್ಟಿಸಿದೆ. ಪಕ್ಕದ ಮೇಜಿನಲ್ಲಿದ್ದ ವಯಸ್ಸಾದ ಗೃಹಸ್ಥರು ನನ್ನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ತಿಳಿದು, ಎದ್ದು ಬಂದು ನನ್ನ ಬೆನ್ನಿಗೆ ಜೋರಾಗಿ ಗುದ್ದಿದರು. ಆಮೇಲೆ ಕ್ಷಮೆ ಕೇಳಿದರು. ಇನ್ನೊಮ್ಮೆ ಸಿಕ್ಕಾಗ ಮತ್ತೆ ಕೇಳಿದರು.

ಬುಧವಾರದ ಮಗ್ಗ

ಮ್ಯೂಸಿಯಮ್ಮಿನ ಕೆಳಗಿನ ಹಜಾರದಲ್ಲಿ ಹಳೆಯ ಮಗ್ಗಗಳ ಒಂದು ಸಾಲು ಇತ್ತು. ಅವುಗಳಲ್ಲಿ ಒಂದನ್ನು ಬುಧವಾರ ಓಡಿಸುತ್ತಾರೆ. ನೋಡುವವರಿಗೆ ಕಿವಿ ಮುಚ್ಚಿಕೊಳ್ಳಲು ಬಟ್ಟಲಿನಂಥ ದಪ್ಪನೆಯ ಮುಚ್ಚಳ ಕೊಡುತ್ತಾರೆ. ಮಗ್ಗ ಶುರುವಾದ ಕೂಡಲೇ ಮಕ್ಕಳು ತಾಯಂದಿರ ಸೊಂಟ ಹಿಡಿದುಕೊಂಡರು. ನನಗೆ ಆಕಳಿಕೆ ಬಂತು. ಕಣ್ಣು ತಾನಾಗಿ ಮುಚ್ಚತೊಡಗಿತು.

ಮಗ್ಗದ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಮುದುಕಿ ಅದನ್ನು ನೋಡಿ ನಕ್ಕರು. ಧ್ವನಿ ಇಲ್ಲದೆ, ತುಟಿ ಪೂರ್ತಿ ಅಗಲಿಸಿ ಕೇಳಿದರು: "ನೀನು ನೇಕಾರರ ಮಗಳೇ?"

ಆ ದೇಶದಲ್ಲಿ ನನಗೆ ಮೊದಲ ಸಲಕ್ಕೆ, ಒಂದಕ್ಷರ ಬಿಡದೆ ತಿಳಿದ ಮಾತು ಅದು. ನಾನು ಹಾಗೆಯೇ ತುಟಿಯಲ್ಲಿ ಹೇಳಿದೆ: "ನೇಕಾರರ ತಂಗಿ."

ಅವರ ಹೆಸರು ಮಾರ್ಗರೆಟ್. ಶಾಲೆ ಬಿಟ್ಟ ಕೂಡಲೇ ಗಿರಣಿಗೆ ಸೇರಿದವರು, ಗಿರಣಿ ಮುಚ್ಚುವವರೆಗೂ ನೇಯ್ದವರು. ಅವರ ಕಾಲದ ಹೆಂಗಸರೂ ಹೀಗೇ ಮಾತಾಡುತ್ತಿದ್ದರಂತೆ. ಸಾಲಿನ ಈ ತುದಿಯಿಂದ ಆ ತುದಿಗೆ ಸುದ್ದಿ ಹೋಗುತ್ತಿತ್ತು, ಮೇಲ್ವಿಚಾರಕನಿಗೆ ಸುಳಿವೂ ಸಿಗುತ್ತಿರಲಿಲ್ಲ. ಗರ್ಭದ ವಿಷಯ, ಹೊಡೆಯುವ ಗಂಡನ ವಿಷಯ ಇಂಥವನ್ನು ಮನೆಯಲ್ಲೂ, ಚರ್ಚಿನ ಅಂಗಳದಲ್ಲೂ ದನಿ ಇಲ್ಲದೆಯೇ ಹೇಳುತ್ತಿದ್ದರು. ನಮ್ಮಲ್ಲೂ ಹಾಗೇ ಎಂದೆ.

"ಈಗ ಯಾರ ಜೊತೆ ಹೀಗೆ ಮಾತಾಡುತ್ತೀರಿ?" ಎಂದು ಕೇಳಿದೆ.

ಅವರು ಹಜಾರದ ಸುತ್ತ ಕಣ್ಣಾಡಿಸಿ ಹೇಳಿದರು: "ಇವತ್ತು, ನಿನ್ನ ಜೊತೆ."

ಮಗ್ಗ ನಿಂತಿತು. ನೋಡಲು ಬಂದವರು ಚಪ್ಪಾಳೆ ತಟ್ಟಿದರು. ಬನಹಟ್ಟಿಯಲ್ಲಿ ಮಗ್ಗಕ್ಕೆ ಯಾರೂ ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡಿಲ್ಲ.

ಊಟದ ಹೊತ್ತು

ನನಗೆ ಅಲ್ಲಿ ಮಧ್ಯಾಹ್ನದ ಊಟದ ಹೊತ್ತಾದಾಗ ಅಕ್ಕನಿಗೆ ಸಂಜೆ. ಮಗ್ಗದ ಮೇಲೆ ಕಿಟಕಿಯ ಬೆಳಕು ಇರುತ್ತದೆ. ದಿನವೂ ಆ ಹೊತ್ತಿಗೆ ಅವಳು ಫೋನನ್ನು ಗೂಡಿಗೆ ಆನಿಸಿಟ್ಟು, ಕೆಲಸ ಮಾಡುತ್ತಲೇ ವಿಡಿಯೊ ಕಾಲ್ ಮಾಡುತ್ತಿದ್ದಳು. ನಾನು ಸಿಬ್ಬಂದಿಯ ಊಟದ ಕೋಣೆಯ ಮೂಲೆಯಲ್ಲಿ ಕೂರುತ್ತಿದ್ದೆ. ಫೋನಿನಲ್ಲಿ ಮಗ್ಗದ ಸದ್ದು ಹಪ್ಪಳ ಕರಿದಂತೆ ಕೇಳಿಸುತ್ತದೆ. ಉಳಿದವರಿಗೆ ತೊಂದರೆ ಎಂದು ಧ್ವನಿ ಪೂರ್ತಿ ಆರಿಸಿಡುತ್ತಿದ್ದೆ. ನಮಗೆ ಧ್ವನಿ ಬೇಕಾಗಿಯೂ ಇರಲಿಲ್ಲ.

"ಉಂಡೀ? ಏನದು, ಹುಲ್ಲ?"

"ಸಲಾಡ್ ಅಂತಾರಬೇ."

"ದನಾ ತಿನ್ನೂದು. ರೊಟ್ಟಿ ಸಿಗೂದಿಲ್ಲೇನ ಆ ದೇಶದಾಗ?"

ಹೆಲೆನ್ ಇದನ್ನು ದೂರದಿಂದ ನೋಡುತ್ತಿದ್ದಳು. ಒಂದು ದಿನ ಹತ್ತಿರ ಬಂದು, ನಿನ್ನ ಅಕ್ಕ ಒಪ್ಪಿದರೆ ಈ ಮಾತಿನ ಒಂದು ಚಿತ್ರಣ ನಮ್ಮ ಸಂಗ್ರಹಕ್ಕೆ ಸಿಗಬಹುದೇ ಎಂದು ಕೇಳಿದಳು. ಗಿರಣಿಯ ಹೆಂಗಸರ ತುಟಿಮಾತು ಅವರ ಪತ್ರಾಗಾರದಲ್ಲಿ ಬರಹದಲ್ಲಷ್ಟೇ ಇತ್ತು. ನಡೆಯುತ್ತಿರುವ ಮಗ್ಗದ ಮುಂದೆ, ದುಡಿಯುತ್ತಿರುವವರ ಬಾಯಲ್ಲಿ ಇರಲಿಲ್ಲ.

ಅಕ್ಕನಿಗೆ ಹೇಳಿದೆ.

"ಮ್ಯೂಸಿಯಂ ಅಂದ್ರ ಹಳೀ ಸಾಮಾನ ಇಡೂ ಜಾಗಾ ಅಲ್ಲೇನ? ನಾ ಹಳೀ ಸಾಮಾನೇನಲೇ?"

"ಹಂಗಲ್ಲಬೇ ಅಕ್ಕಾ..."

"ಇರ್ಲಿ ತಗೋ. ಛಲೋ ಸೀರಿ ಉಟ್ಕೊಂಡ ಹೇಳ್ತೇನಿ. ನಿಮ್ಮ ಮಾಮಾ ಫೋನ್ ಹಿಡೀತಾರ. ಅವ್ರಿಗೂ ಒಂದ ಕೆಲಸಾ ಆಗ್ಲಿ."

ಆ ಶನಿವಾರ ವಿಡಿಯೊ ಬಂತು. ಮಾಮಾ ಫೋನನ್ನು ಅಲುಗಾಡದಂತೆ ಹಿಡಿದಿದ್ದರು. ಹಸಿರು ಇಳಕಲ್ ಸೀರೆ, ಹಿಂದೆ ಓಡುವ ಮಗ್ಗ. ಅಕ್ಕ ಒಂದೊಂದೇ ಸನ್ನೆ ತೋರಿಸಿದಳು. ಎಳೆ ಹರಿದದ್ದು, ಚಹಾ, ಸಾಹುಕಾರ. ಆಮೇಲೆ ಮಾಮಾನ ಕಡೆ ನೋಡಿ ಹೇಳಿದಳು: "ಕಂಡಿಕಿ ತುಂಬ್ರಿ ಅಂದ್ರ ಇವ್ರಿಗೆ ಕಾಣೂದಿಲ್ಲ. ಚಾ ಕುಡೀರಿ ಅಂದ್ರ ಮೂರ ಮಗ್ಗದ ಆಚಿಂದ ಕಾಣತೈತಿ. ಇಂಥಾ ಗಂಡನ್ನೂ ಮ್ಯೂಸಿಯಮ್ನ್ಯಾಗ ತಗೋತಾರೇನ ಕೇಳ." ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ಮಾಮಾ ನಕ್ಕಿರಬೇಕು, ಅಲ್ಲಿ ಮಾತ್ರ ಫೋನು ಸ್ವಲ್ಪ ಅಲುಗಿತ್ತು.

ನಾನು ಆ ವಿಡಿಯೊವನ್ನು ರಜೆಯ ದಿನದಲ್ಲೇ, ಧ್ವನಿ ಆರಿಸಿ, ಸಾಲು ಸಾಲಾಗಿ ಓದಿ ಇಂಗ್ಲಿಷಿಗೆ ಇಳಿಸಿದೆ. ಒಂದು ಮಾತೂ ಬಿಡಲಿಲ್ಲ. ಬರೆದದ್ದನ್ನು ವಿಡಿಯೊದ ಜೊತೆ ಹೆಲೆನ್‌ಗೆ ಕಳಿಸಿದೆ. ಒಂದು ಸದ್ದೂ ಕೇಳದೆ ಇಷ್ಟನ್ನು ಬರೆದೆಯಾ ಎಂದು ಅವಳು ಬೆರಗಾಗಿ ಉತ್ತರ ಬರೆದಳು. ನನಗೆ ಹೆಮ್ಮೆಯಾಯಿತು.

ಸೋಮವಾರ

ಫೋನು ಬಂದದ್ದು ಬೆಳಿಗ್ಗೆ, ನಾನು ಬಸ್ಸಿಗೆ ಕಾಯುತ್ತಿದ್ದಾಗ. ಅದು ಅಕ್ಕ ಕರೆಯುವ ಹೊತ್ತಲ್ಲ. ತೆರೆಯ ಮೇಲೆ ಇದ್ದದ್ದು ಅಕ್ಕನ ಮಗಳು ಪಲ್ಲವಿ. ಅವಳನ್ನು ಬೀಳಗಿಗೆ ಕೊಟ್ಟಿದೆ. ಮಗ್ಗದ ಮನೆಯಲ್ಲಿ ಬೆಳೆದರೂ ಅವಳು ಶಾಲೆ, ಕಾಲೇಜು ಅಂತ ಹೊರಗೇ ಇದ್ದವಳು. ಎಲ್ಲರಂತೆ ಬಾಯಿ ಸಣ್ಣದಾಗಿ ಆಡಿಸಿ ಮಾತಾಡುತ್ತಾಳೆ. ಅವಳ ತುಟಿ ಓದಲು ನೋಡಿದೆ, ಬರಲಿಲ್ಲ. ಧ್ವನಿ ಹಾಕಿದೆ.

"ಚಿಗವ್ವ, ಅವ್ವಗ ಲಕ್ವಾ ಹೊಡದೈತಿ."

ಜಮಖಂಡಿಯ ಆಸ್ಪತ್ರೆಯಲ್ಲಿದ್ದರು. ಬೆಳಿಗ್ಗೆ ಮಗ್ಗದ ಪಕ್ಕ ಕುಸಿದಿದ್ದಳಂತೆ. ಮಾಮಾ ಎತ್ತಿ ಕೂರಿಸಿ ಏನಾಯಿತೆಂದು ಕೇಳಿದಾಗ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಬಲಗೈ, ಬಲಗಾಲು ಆಡುತ್ತಿಲ್ಲ. ಜೀವಕ್ಕೆ ಅಪಾಯವಿಲ್ಲ ಎಂದಿದ್ದಾರೆ. ಮಾತು ಬರುತ್ತದೆಯೋ ಇಲ್ಲವೋ ಈಗಲೇ ಹೇಳಲು ಆಗುವುದಿಲ್ಲ ಎಂದಿದ್ದಾರೆ.

"ಡಾಕ್ಟರ್ ಒಂದ ಸವನ ಕೇಳಾಕತ್ತಾರ ಚಿಗವ್ವ. ಇದಕ್ಕೂ ಮೊದಲ ಮಾತು ತೊದಲತಿತ್ತೇನ, ಯಾವಾಗಿಂದ ತೊದಲಾಕ ಹತ್ತಿದ್ರು ಅಂತ. ಅಪ್ಪಾಗ ಗೊತ್ತಿಲ್ಲ. ನಾ ಬೀಳಗ್ಯಾಗ ಇದ್ದೆ. ನೀ ದಿನಾ ಮಾತಾಡ್ತಿದ್ದೆಲ್ಲ, ನಿನಗೇನರ ಅನಸಿತ್ತೇನ?"

"ಇಲ್ಲವ್ವ," ಅಂದೆ. "ಛಲೋನ ಮಾತಾಡ್ತಿದ್ಲು."

ಬಸ್ಸು ಬಂತು. ಬಾಗಿಲು ತೆರೆದು ನಿಂತಿತು. ಡ್ರೈವರ್ ಏನೋ ಕೇಳಿದ. ನಾನು ಹತ್ತಲಿಲ್ಲ. ಅವನು ಸ್ವಲ್ಪ ಹೊತ್ತು ಕಾದು, ಕೈ ಎತ್ತಿ ತೋರಿಸಿ, ಬಾಗಿಲು ಮುಚ್ಚಿಕೊಂಡು ಹೋದ.

ಧ್ವನಿ ಕೋಣೆ

ಮರುದಿನ ರಜೆ ಕೇಳಲು ಹೋದೆ. ಹೆಲೆನ್ ಎದ್ದು ನನ್ನನ್ನು ಕೂರಿಸಿದಳು. ಎಷ್ಟು ದಿನ ಬೇಕಾದರೂ ಹೋಗು ಅಂದಳು. ಚಹಾ ತಾನೇ ಮಾಡಿ ತಂದಳು. ಅಲ್ಲಿಯವರು ದುಃಖದವರ ಮುಂದೆ ಹೆಚ್ಚು ಮಾತಾಡುವುದಿಲ್ಲ. ನಮ್ಮಲ್ಲಾದರೆ ಮನೆ ತುಂಬ ಜನ ಸೇರಿ, ಒಬ್ಬೊಬ್ಬರೂ ತಮ್ಮ ಕಡೆಯವರಿಗೆ ಲಕ್ವಾ ಹೊಡೆದ ಕಥೆ ಹೇಳುತ್ತಿದ್ದರು. ಯಾವುದು ಒಳ್ಳೆಯದೆಂದು ನನಗೆ ಹೇಳಲು ಬರುವುದಿಲ್ಲ. ಅವತ್ತು ನನಗೆ ಕಥೆಗಳು ಬೇಕಾಗಿದ್ದವು.

ಏಳುವ ಮೊದಲು ಅವಳು ಸ್ವಲ್ಪ ತಡವರಿಸುತ್ತ ಹೇಳಿದಳು: "ನಿನ್ನೆ ಸುದ್ದಿ ಬರುವ ಮೊದಲೇ ಆ ವಿಡಿಯೊವನ್ನು ಧ್ವನಿ ಕೋಣೆಗೆ ಕೊಟ್ಟಿದ್ದೆ. ಗದ್ದಲವನ್ನು ಬೇರೆ ಮಾಡಿ ನಿನ್ನ ಅಕ್ಕನ ದನಿಯನ್ನಷ್ಟೇ ಉಳಿಸಿದ್ದಾರೆ. ತುಂಬ ಚೆನ್ನಾಗಿ ಬಂದಿದೆ. ಈಗ ನಿನ್ನ ಹತ್ತಿರ ಆ ದನಿ ಇರಬೇಕು ಅನಿಸಿತು."

ಧ್ವನಿ ಕೋಣೆ ಮೇಲಿನ ಮಹಡಿಯಲ್ಲಿದೆ. ಗೋಡೆಗೆಲ್ಲ ದಪ್ಪನೆಯ ಬಟ್ಟೆ. ಹೆಲೆನ್ ನನ್ನ ಕಿವಿಗೆ ಹೆಡ್‌ಫೋನ್ ಇಟ್ಟು, ತಾನೂ ಒಂದು ಇಟ್ಟುಕೊಂಡು, ಗುಂಡಿ ಒತ್ತಿದಳು.

ತೆರೆಯ ಮೇಲೆ ಹಸಿರು ಸೀರೆಯ ಅಕ್ಕ. ಹಿಂದೆ ಮಗ್ಗ ಓಡುತ್ತಿದೆ, ಸದ್ದಿಲ್ಲ. ಅವಳ ದನಿ ಒಂದೇ, ಹತ್ತಿರದಲ್ಲಿ.

ಅದನ್ನು ಹೇಗಿತ್ತೋ ಹಾಗೇ ಬರೆಯುತ್ತೇನೆ. ಮಾತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡು ಮಾತಾಡಿದಂತಿತ್ತು. ನಾಲಿಗೆ ಮೇಲಕ್ಕೆ ಏಳಬೇಕಾದ ಕಡೆ ಏಳುತ್ತಿರಲಿಲ್ಲ. ತುಟಿ ಮಾತ್ರ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿತ್ತು. ಅದು ಬಾಲ್ಯದಿಂದ ನಾನು ಓದಿದ ತುಟಿ, ಒಂದೊಂದು ಮಾತೂ ತಿದ್ದಿ ಬರೆದ ಹಾಗೆ. ತೊದಲುತ್ತಿದ್ದದ್ದು ನಾಲಿಗೆ. ನಾಲಿಗೆಯನ್ನು ನಾವು ಓದುವುದಿಲ್ಲ.

ಕೇಳುವ ಕಿವಿಯಿರುವ ಯಾರೇ ಆಗಲಿ, ಕಿರಾಣಿ ಅಂಗಡಿಯವನಾದರೂ ಸರಿ, ಮಗ್ಗ ನಿಂತಾಗ ಎರಡು ಮಾತು ಕೇಳಿದ್ದರೆ ಕಸ್ತೂರಮ್ಮ ಯಾಕೋ ತೊದಲುತ್ತಿದ್ದಾರೆ ಅನ್ನುತ್ತಿದ್ದರು. ಆ ಎರಡು ದಿನ ಅವಳು ಮಾತಾಡಿದ್ದು ಮಾಮಾನ ಜೊತೆ, ಮಗ್ಗಗಳ ನಡುವೆ, ಮತ್ತು ನನ್ನ ಜೊತೆ. ಭಾನುವಾರವೂ ನಾವು ಬಹಳ ಹೊತ್ತು ಮಾತಾಡಿದ್ದೆವು. ಮಗ್ಗದ ಸದ್ದಿನಲ್ಲಿ ಅವಳಿಗೇ ಅವಳ ದನಿ ಕೇಳಿಸುತ್ತಿರಲಿಲ್ಲ.

ಹೆಲೆನ್ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮುಗಿದ ಮೇಲೆ ಮೆಲ್ಲಗೆ, "ಎಷ್ಟು ಮೃದುವಾದ ಭಾಷೆ," ಅಂದಳು. ಅವಳಿಗೆ ಅದೇ ಕನ್ನಡ.

ನಾನು ಹೇಳಬೇಕಾಯಿತು. ಹೇಳಿದೆ. ಅವಳು ಕಿವಿಯಿಂದ ಹೆಡ್‌ಫೋನ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಇದು ನಿಮ್ಮ ಮನೆಯದು, ಸಂಗ್ರಹಕ್ಕೆ ಬೇಡ ಎಂದಳು. ನನ್ನ ಫೋನಿಗೆ ಹಾಕಿಕೊಟ್ಟಳು.

ಮುಧೋಳದ ಮೇಲಿಂದ ಜಮಖಂಡಿಗೆ

ಹುಬ್ಬಳ್ಳಿಗೆ ಇಳಿದು ಕಾರು ಹಿಡಿದೆ. ಲೋಕಾಪುರ ದಾಟಿ ಮುಧೋಳದ ಕಡೆ ತಿರುಗಿದಾಗ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಸಿಕ್ಕಿತು. ಒಂದೊಂದೂ ಬೇರೆ ಬೇರೆ ಹಾಡನ್ನು ಮುಗಿಲಿಗೆ ಮುಟ್ಟುವಂತೆ ಹಾಕಿಕೊಂಡಿತ್ತು. ನಮ್ಮ ಕಾರಿನವನು ಹಾರನ್ ಮೇಲಿನ ಕೈ ತೆಗೆಯಲಿಲ್ಲ.

"ಫಾರಿನ್ನ್ಯಾಗ ಇಷ್ಟ ಗದ್ದಲಾ ಇರೂದಿಲ್ಲಲ್ರಿ ಮೇಡಂ?"

"ಇಲ್ರಿ. ಭಾಳ ಶಾಂತ ಇರತೈತಿ."

"ಆರಾಮ ಇರಬೇಕ ನೋಡ್ರಿ ಹಂಗಾದ್ರ."

ನನ್ನ ಕೈಯಲ್ಲಿ ಫೋನಿತ್ತು. ದಾರಿಯುದ್ದಕ್ಕೂ ಅದನ್ನು ತೆರೆಯಲಿಲ್ಲ.

ಆಸ್ಪತ್ರೆಯಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ನನ್ನನ್ನು ನೋಡಿದಳು. ಗುರುತು ಸಿಕ್ಕಿತು, ಕಣ್ಣಲ್ಲಿ ಕಂಡಿತು. ತುಟಿ ಆಡಿಸಿದಳು. ಎಡಗಡೆಯ ತುಟಿ ಎದ್ದಿತು, ಬಲಗಡೆಯದು ಹಾಗೇ ಬಿದ್ದಿತ್ತು. ನಾನು ಹತ್ತಿರ ಬಾಗಿ ನೋಡಿದೆ. ಅವಳು ಮತ್ತೆ ಆಡಿಸಿದಳು. ಪ್ರಶ್ನೆ ಎಂಬುದು ಹುಬ್ಬಿನಿಂದ ತಿಳಿಯಿತು, ಅಷ್ಟೇ. ಮಾತು ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ತಲೆ ಆಡಿಸಿದೆ. ಅವಳು ಮೂರನೆಯ ಸಲ ಆಡಿಸಲಿಲ್ಲ. ಎಡಗೈಯಿಂದ ನನ್ನ ಗಲ್ಲ ಮುಟ್ಟಿ ಕಣ್ಣು ಮುಚ್ಚಿದಳು.

ಮಾಮಾ ಮಂಚದ ಆ ಕಡೆ ನಿಂತಿದ್ದರು. ಕಿವುಡರ ದನಿ ಹದ ತಪ್ಪಿರುತ್ತದೆ. ಅವರು ಮೆಲ್ಲಗೆ ಹೇಳಿದೆ ಅಂದುಕೊಂಡು ಇಡೀ ವಾರ್ಡಿಗೆ ಕೇಳುವಂತೆ ಹೇಳಿದರು: "ನನಗೂ ಬರವಲ್ದವ್ವಾ. ಮದವಿ ಆದಾಗಿಂದ ಓದಿದ ಬಾಯಿ ಇದು. ಈಗ ಒಂದ ಅಕ್ಷರ ಬರವಲ್ದು."

ನಾನು ಡಾಕ್ಟರನ್ನು ಅವರ ಕೋಣೆಯಲ್ಲಿ ಒಬ್ಬಳೇ ಕಂಡೆ. ವಿಡಿಯೊ ತೋರಿಸಿದೆ. ಅವರು ಎರಡು ಸಲ ಕೇಳಿದರು. "ಶನಿವಾರದ್ದೇನ್ರಿ ಇದು?" ಎಂದರು. ಹೌದೆಂದೆ. ಕಾಗದದ ಮೇಲೆ ಏನೋ ಬರೆದುಕೊಂಡರು. ಅವತ್ತೇ ಕರೆತಂದಿದ್ದರೆ ಎಂದು ನಾನು ಶುರುಮಾಡಿದ ಮಾತನ್ನು ಅವರು ಪೂರ್ತಿ ಮಾಡಲು ಬಿಡಲಿಲ್ಲ. "ಈಗ ಬಂದಾರಲ್ರಿ, ಮುಂದಿಂದ ನೋಡೂಣು," ಎಂದರು. ಒಳ್ಳೆಯ ಮನುಷ್ಯ. ಆದರೆ ಅದರಿಂದ ಏನೂ ಆಗುತ್ತಿರಲಿಲ್ಲ ಎಂದೂ ಅವರು ಅನ್ನಲಿಲ್ಲ.

ಹೊರಗೆ ಉದ್ದನೆಯ ಬೆಂಚಿನ ಮೇಲೆ ಮಾಮಾ ಕೂತಿದ್ದರು. ಬಾಗಿಲ ಗಾಜಿನಿಂದ ನೋಡಿದ್ದರು.

"ಡಾಕ್ಟರ್‌ಗೆ ಫೋನ್ನ್ಯಾಗ ಏನೋ ತೋರಸಿದೆಲ್ಲ? ನನಗೂ ತೋರಸ."

ಪಲ್ಲವಿ ಹೇಳಿದ್ದಳು, ಅಪ್ಪ ಮೂರು ಹೊತ್ತೂ ಅದನ್ನೇ ಕೇಳುತ್ತಿದ್ದಾರೆ, ತಾನು ಪಕ್ಕದಲ್ಲೇ ಇದ್ದೂ ನೋಡಲಿಲ್ಲವೇ, ತನಗೆ ಕಾಣಲಿಲ್ಲವೇ ಎಂದು. ಫೋನು ಕೊಡಲು ನನ್ನ ಕೈ ಬರಲಿಲ್ಲ. ಅವರು ಕೈ ಚಾಚಿಯೇ ಇದ್ದರು. ಕೊಟ್ಟೆ.

ಅವರು ಅದನ್ನು ಕಿವಿಯ ಹತ್ತಿರ ಒಯ್ಯಲಿಲ್ಲ. ನೇಯ್ದ ಬಟ್ಟೆಯಲ್ಲಿ ದೋಷ ನೋಡುವಾಗ ಹಿಡಿಯುವ ಹಾಗೆ, ಕೈ ಚಾಚಿ ದೂರ ಹಿಡಿದರು. ಧ್ವನಿ ಪೂರ್ತಿ ಇತ್ತು. ಮಗ್ಗದ ಸದ್ದಿನಿಂದ ಬಿಡಿಸಿ ತೆಗೆದ ಅಕ್ಕನ ತೊದಲು ಮಾತು ಆ ಓಣಿಯಂಥ ಜಾಗದಲ್ಲಿ ಸ್ಪಷ್ಟವಾಗಿ ಕೇಳಿಸತೊಡಗಿತು. ಎದುರಿನ ಬೆಂಚಿನ ಹೆಂಗಸು ತಲೆ ಎತ್ತಿ, "ಅಯ್ಯ, ಮಾತ ಹೆಂಗ ಆಗೈತಿ ಪಾಪ," ಅಂದಳು. ಚಹಾದ ಥರ್ಮಾಸು ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದ ಪಲ್ಲವಿ ಅಲ್ಲೇ ನಿಂತಳು. ತನ್ನ ಅವ್ವನ ದನಿ ಅವಳಿಗೆ ಗೊತ್ತು. ನನ್ನ ಕಡೆ ನೋಡಿದಳು.

ಮಾಮಾ ನೋಡುತ್ತಿದ್ದರು. ಎಳೆ ಹರಿದದ್ದು. ಚಹಾ. ಸಾಹುಕಾರ. ಕಂಡಿಕೆಯ ಮಾತು ಬಂದಾಗ ಅವರ ಮುಖ ಅರಳಿತು. ಭುಜ ಕುಲುಕಿಸಿ ನಕ್ಕರು.

"ಹೆಂಗ ಬೈದಾಳ ನೋಡ ನನ್ನ," ಎಂದು ದೊಡ್ಡ ದನಿಯಲ್ಲಿ ಹೇಳಿದರು. "ಇದು ಶನಿವಾರದ್ದಲ್ಲೇನ? ನಾನ ತಗದಿದ್ದು?"

"ಹೌದ್ರಿ ಮಾಮಾ," ನಾನು ತುಟಿ ಅಗಲಿಸಿ ಹೇಳಿದೆ.

"ನೋಡ ಮತ್ತ. ಒಂದ ಮಾತ ತಪ್ಪಿಲ್ಲ. ಶನಿವಾರ ಛಲೋನ ಇದ್ಲು." ಅವರ ಬೆನ್ನು ನೆಟ್ಟಗಾಯಿತು. ಮಗಳ ಕಡೆ ತಿರುಗಿದರು. "ಪಲ್ಲೂ, ಡಾಕ್ಟರ್‌ಗೆ ಹೇಳ. ಶನಿವಾರ ತನಾ ಏನೂ ಆಗಿದ್ದಿಲ್ಲಂತ. ನಾ ನೋಡೇನಂತ ಹೇಳ."

ಪಲ್ಲವಿ ಹತ್ತಿರ ಬಂದು ಅವರ ಮುಂದೆ ಕೂತಳು. ಎಂದೂ ಬಾಯಿ ದೊಡ್ಡದಾಗಿ ಆಡಿಸದ ಹುಡುಗಿ, ಒಂದೊಂದೇ ಮಾತು ಬಿಡಿಸಿ, ಅವರಿಗೆ ಕಾಣುವ ಹಾಗೆ ತುಟಿ ಆಡಿಸಿದಳು.

"ಹೇಳ್ತೇನಿ ಅಪ್ಪಾ."

ಮಾಮಾ ತಲೆ ಆಡಿಸಿದರು. ಫೋನನ್ನು ನನ್ನ ಕಡೆ ಚಾಚಿದರು.

"ಇನ್ನೊಮ್ಮಿ ಹಚ್ಚ," ಅಂದರು.